ಬೆಳಿಗ್ಗೆ ಹೊತ್ತು ಗೇರ್ ಬೀಳ್ತಿಲ್ಲ: ಗೇರ್‌ಬಾಕ್ಸ್ ಇಳಿಸೋ ಮುಂಚೆ ಇಷ್ಟು ನೋಡಿ

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆ ವಿದ್ಯಾನಗರದಲ್ಲಿ ಮನೆ ಮುಂದೆ ಬಯಲಲ್ಲೇ ನಿಲ್ಲುವ ಪೆಟ್ರೋಲ್ ಕಾರು, 90 ಸಾವಿರ ಕಿ.ಮೀ. ದಾಟಿದೆ. ಡಿಸೆಂಬರ್‌ನಿಂದ ಬೆಳಿಗ್ಗೆ ಫಸ್ಟ್, ಸೆಕೆಂಡ್ ಬೀಳೋದೇ ಕಷ್ಟ, ರಿವರ್ಸ್ ಹಾಕಿದರೆ ಕರ್ರ್ ಅನ್ನುತ್ತೆ, ನಾಲ್ಕೈದು ಕಿ.ಮೀ. ಓಡಿದ ಮೇಲೆ ಸರಿಹೋಗುತ್ತೆ. ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸೋಣ ಅಂತಿದ್ದಾರೆ, ಇಳಿಸಬೇಕಾ?

ಈಗಲೇ ಬೇಡ. ನೀವು ಹೇಳಿದ ಲಕ್ಷಣಕ್ಕೆ ಕಾರಣ ನಾಲ್ಕು ಜಾಗದಲ್ಲಿರಬಹುದು: ಕ್ಲಚ್, ಗೇರ್ ಲಿವರ್‌ನ ಕೇಬಲ್, ಗೇರ್ ಆಯಿಲ್, ಸಿಂಕ್ರೊ ರಿಂಗ್ (ಗೇರ್ ಬೀಳುವಾಗ ಒಳಗಿನ ವೇಗ ಸರಿದೂಗಿಸುವ ಬಳೆ). ಇದರಲ್ಲಿ ಕೊನೆಯದಕ್ಕೆ ಮಾತ್ರ ಬಾಕ್ಸ್ ಬಿಚ್ಚಲೇಬೇಕು.

"ಚಳಿಗೆ ಹಂಗೇ ರೀ" ಅನ್ನೋ ಮಾತನ್ನೂ ಪೂರ್ತಿ ಒಪ್ಪಿಕೊಳ್ಳಬೇಡಿ. ದಾವಣಗೆರೆಯಾಗಲಿ ಚಿತ್ರದುರ್ಗವಾಗಲಿ, ನಮ್ಮ ಕಡೆ ಡಿಸೆಂಬರ್-ಜನವರಿಯ ಬೆಳಗಿನ ಜಾವ ಅಂದರೆ 15 ಡಿಗ್ರಿ ಆಸುಪಾಸು. ಗೇರ್ ಆಯಿಲ್ ಡಬ್ಬದ ಮೇಲೆ ಚಳಿಯಲ್ಲಿನ ದಪ್ಪ ತಿಳಿಸುವ 80ಡಬ್ಲ್ಯು ಅನ್ನೋ ಅಂಕಿ ಇದ್ದರೆ ಅದನ್ನು ಸೊನ್ನೆಗಿಂತ 26 ಡಿಗ್ರಿ ಕೆಳಗೆ ಪರೀಕ್ಷಿಸಿರುತ್ತಾರೆ, 75ಡಬ್ಲ್ಯು ಅಂದರೆ 40 ಡಿಗ್ರಿ ಕೆಳಗೆ. ಹಾಗಾಗಿ ನಮ್ಮ ಚಳಿಗೆ ಲಿವರ್ ಸ್ವಲ್ಪ ಬಿಗಿ ಅನ್ನಿಸಬಹುದು, ಅದು ಸಹಜ. ಗೇರೇ ಬೀಳಲ್ಲ ಅಂದರೆ ಮೊದಲೇ ಏನೋ ದೋಷ ಇತ್ತು, ಚಳಿಗೆ ಹೊರಗೆ ಬಿತ್ತು ಅಂತ ಅರ್ಥ.

ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಇರುವಾಗಲೇ ಕ್ಲಚ್ ಪೂರ್ತಿ ಒತ್ತಿ, ಫಸ್ಟ್‌ನಿಂದ ಫಿಫ್ತ್, ಆಮೇಲೆ ರಿವರ್ಸ್, ಒಂದೊಂದಾಗಿ ಹಾಕಿ ತೆಗೆಯಿರಿ. ಯಾವುದಾದರೂ ಒಂದು ಅರ್ಧಕ್ಕೆ ನಿಂತರೆ ಹಲ್ಲಿಗೆ ಹಲ್ಲು ಎದುರಾಗಿರಬಹುದು. ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಮತ್ತೆ ಒತ್ತಿ ಹಾಕಿ. ಎಲ್ಲಾ ಗೇರ್ ಹೇಗೆ ಬಿದ್ದವು ಅಂತ ಕೈಯಲ್ಲಿ ನೆನಪಿಟ್ಟುಕೊಂಡು ಸ್ಟಾರ್ಟ್ ಮಾಡಿ, ಅದೇ ಕ್ರಮದಲ್ಲಿ ಮತ್ತೊಮ್ಮೆ ಹಾಕಿ. ಕ್ಲಚ್ ಮೇಲಿನ ಕಾಲು ತೆಗೆಯಬೇಡಿ, ಗಾಡಿ ಮುಂದೆ ಹಿಂದೆ ಯಾರೂ ಇರಬಾರದು.

ಆಫ್ ಇದ್ದಾಗ ಬೆಣ್ಣೆಯಂತೆ ಬಿದ್ದು, ಸ್ಟಾರ್ಟ್ ಆದ ಮೇಲೆ ಕೈಗೆ ತಡೆದರೆ ಕ್ಲಚ್ ಪೂರ್ತಿ ಬಿಡ್ತಿಲ್ಲ, ಅಂದರೆ ಎಂಜಿನ್‌ನಿಂದ ಗೇರ್‌ಬಾಕ್ಸನ್ನು ಪೂರ್ತಿ ಬೇರ್ಪಡಿಸ್ತಿಲ್ಲ. ಆಫ್ ಇದ್ದಾಗಲೂ ಲಿವರ್ ಗಟ್ಟಿ ಇದ್ದರೆ ದೋಷ ಹೆಚ್ಚಾಗಿ ಕೇಬಲ್‌ನದ್ದು. ನಿಂತಾಗ ಎರಡೂ ಸಲ ಚೆನ್ನಾಗಿ ಬಿದ್ದು, ಓಡುವಾಗ ಮಾತ್ರ, ಅದರಲ್ಲೂ ಸೆಕೆಂಡ್‌ಗೆ ತೊಂದರೆ ಕೊಟ್ಟರೆ ಆಯಿಲ್ ಅಥವಾ ಸಿಂಕ್ರೊ. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತೆ.

ನಿಮ್ಮ ರಿವರ್ಸ್ ಸದ್ದು ನೋಡಿದರೆ ನನ್ನ ಅನುಮಾನ ಮೊದಲು ಕ್ಲಚ್ ಮೇಲೆ. ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ರಿವರ್ಸ್‌ಗೆ ಸಿಂಕ್ರೊ ಇರಲ್ಲ, ಒಳಗಿನ ಶಾಫ್ಟ್ ಪೂರ್ತಿ ನಿಂತ ಮೇಲೆಯೇ ಗೇರ್ ಸದ್ದಿಲ್ಲದೆ ಕೂರುತ್ತೆ. ಕ್ಲಚ್ ಒತ್ತಿ ಮನಸ್ಸಲ್ಲೇ ಐದು ಎಣಿಸಿ, ಆಮೇಲೆ ರಿವರ್ಸ್ ಹಾಕಿ ನೋಡಿ. ಸದ್ದು ನಿಂತರೆ ನೀವು ಅವಸರ ಮಾಡುತ್ತಿದ್ದಿರಿ ಅಷ್ಟೇ. ತಣ್ಣಗಿರುವ ಎಂಜಿನ್ ಶುರುವಿಗೆ ಹೆಚ್ಚು ಆರ್‌ಪಿಎಂನಲ್ಲಿ ಓಡುತ್ತೆ, ಬಿಸಿಯಾದಾಗ 800ರ ಸುಮಾರಿಗೆ ನಿಲ್ಲುವ ಮುಳ್ಳು ಆಗ 1200ರ ಮೇಲೆ ಇರುತ್ತೆ. ಶಾಫ್ಟ್ ಕೂಡ ಅಷ್ಟೇ ಜೋರಾಗಿ ತಿರುಗುತ್ತಿರುತ್ತೆ. ಮುಳ್ಳು ಇಳಿಯುವ ತನಕ ಅರ್ಧ ನಿಮಿಷ ಕಾದರೆ ಎಷ್ಟೋ ಗಾಡಿಗಳ ಈ ದೂರು ಅಲ್ಲಿಗೇ ಮುಗಿಯುತ್ತೆ. ಐದು ಎಣಿಸಿದ ಮೇಲೂ ಕರ್ರ್ ಅಂದರೆ ಮಾತ್ರ ಕ್ಲಚ್ ಶಾಫ್ಟನ್ನು ಇನ್ನೂ ತಿರುಗಿಸುತ್ತಿದೆ ಎಂದೇ ಲೆಕ್ಕ. ತಣ್ಣಗಿನ ಆಯಿಲ್ ದಪ್ಪ ಇರುವುದರಿಂದ ಶಾಫ್ಟ್ ಬೇಗ ನಿಲ್ಲಬೇಕು, ಆಯಿಲ್ ಇಲ್ಲಿ ನಿಮಗೆ ಸಹಾಯವನ್ನೇ ಮಾಡುತ್ತೆ. ಆದ್ದರಿಂದ ಈ ಸದ್ದಿಗೆ ಆಯಿಲನ್ನು ದೂರುವುದು ತಪ್ಪು.

ಕ್ಲಚ್ ಅಂದ ತಕ್ಷಣ ಪ್ಲೇಟ್ ಬದಲಾಯಿಸಲು ಓಡಬೇಡಿ. ಮೊದಲು ಕಾಲಡಿಯ ಮ್ಯಾಟ್ ತೆಗೆದು ಒತ್ತಿ ನೋಡಿ. ಈಗ ಹಾಕಿಸುವ ದಪ್ಪ ಮ್ಯಾಟ್‌ಗಳು ಪೆಡಲ್ ಕೆಳಗೆ ಮಡಚಿಕೊಂಡು ಕೊನೆಯ ಒಂದೆರಡು ಸೆಂಟಿಮೀಟರ್ ತಿಂದುಬಿಡುತ್ತವೆ, ಕ್ಲಚ್ ಪೂರ್ತಿ ಬಿಡುವುದು ಆ ಕೊನೆಯ ಭಾಗದಲ್ಲೇ.

ಆಮೇಲೆ ನಿಮ್ಮದು ಕೇಬಲ್ ಕ್ಲಚ್ಚೋ ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ಕೋ ನೋಡಿಕೊಳ್ಳಿ. ಹಳೆಯ ಆಲ್ಟೊ, ವ್ಯಾಗನ್ ಆರ್‌ನಂಥವುಗಳಲ್ಲಿ ಕೇಬಲ್. ಕೇಬಲ್ ಆದರೆ ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ, ಗಟ್ಟಿ ಅನ್ನಿಸುವ ತನಕ ಎಷ್ಟು ಸಡಿಲ ಹೋಗುತ್ತೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಇರುತ್ತೆ, ನಿಮ್ಮ ಗಾಡಿಯ ಪುಸ್ತಕದಲ್ಲಿ ಕೊಟ್ಟ ಅಂಕಿಯೇ ಅಂತಿಮ. ಅದಕ್ಕಿಂತ ಜಾಸ್ತಿ ಇದ್ದರೆ ಗೇರ್‌ಬಾಕ್ಸ್ ಕಡೆಯ ಕೇಬಲ್ ತುದಿಯಲ್ಲಿರುವ ನಟ್ ಬಿಗಿ ಮಾಡಿದರೆ ಸಾಕು, ಹತ್ತು ನಿಮಿಷದ ಕೆಲಸ. ಆದರೆ ಸಡಿಲವೇ ಇಲ್ಲದಂತೆ ಬಿಗಿ ಮಾಡಿಸಬೇಡಿ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ತಿರುಗುತ್ತಲೇ ಇದ್ದು ಸವೆಯುತ್ತೆ, ಕ್ಲಚ್ ಸ್ಲಿಪ್ ಆಗಿ ಪ್ಲೇಟೂ ಸುಡುತ್ತೆ.

ಹೈಡ್ರಾಲಿಕ್ ಆದರೆ ಬೆಳಿಗ್ಗೆ ಮೊದಲ ಒತ್ತಿನ ಮೇಲೆ ಗಮನ ಇಡಿ. ಒಂದು ಸಲ ಒತ್ತಿದಾಗ ಗೇರ್ ಬೀಳದೆ, ಮೂರು ನಾಲ್ಕು ಸಲ ಪಂಪ್ ಮಾಡಿದ ಮೇಲೆ ಬಿದ್ದರೆ ಲೈನ್‌ನಲ್ಲಿ ಗಾಳಿ ಇದೆ, ಇಲ್ಲವೇ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಅಥವಾ ಗೇರ್‌ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರ್‌ನ ರಬ್ಬರ್ ಹೋಗಿದೆ. ಹಳೇ ರಬ್ಬರ್ ಚಳಿಗೆ ಬಿರುಸಾಗಿ ಒತ್ತಡ ಹಿಡಿಯಲ್ಲ, ಬೆಚ್ಚಗಾದ ಮೇಲೆ ಮೆತ್ತಗಾಗಿ ಹಿಡಿಯುತ್ತೆ. ನೀವು ಹೇಳುವ "ಓಡಿದ ಮೇಲೆ ಸರಿ" ಅನ್ನೋದಕ್ಕೆ ಇದೂ ಸರಿಯಾಗಿ ಹೊಂದುತ್ತೆ. ಪೆಡಲ್ ಮೇಲ್ಗಡೆ, ಮಾಸ್ಟರ್ ಸಿಲಿಂಡರ್‌ನ ಕಡ್ಡಿ ಒಳಗೆ ಹೋಗುವ ಜಾಗಕ್ಕೆ ಟಿಶ್ಯೂ ಒತ್ತಿ ನೋಡಿ, ಒದ್ದೆಯಾದರೆ ಕಳ್ಳ ಸಿಕ್ಕ. ಸ್ಲೇವ್ ಸಿಲಿಂಡರ್‌ನ ರಬ್ಬರ್ ಟೋಪಿಯನ್ನೂ ಹಾಗೇ ಸ್ವಲ್ಪ ಎತ್ತಿ ನೋಡಿ. ಅನೇಕ ಗಾಡಿಗಳಲ್ಲಿ ಕ್ಲಚ್‌ಗೂ ಬ್ರೇಕ್‌ಗೂ ಆಯಿಲ್ ಹೋಗುವುದು ಒಂದೇ ಡಬ್ಬದಿಂದ, ಅದರ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಅಸಡ್ಡೆ ಮಾಡಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಡಬ್ಬದ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತೆ, ಅದನ್ನೇ ಹಾಕಿಸಿ.

ಲಿವರ್ ಕೇಬಲ್ ಪರೀಕ್ಷೆ ಇನ್ನೂ ಸುಲಭ. ಎಂಜಿನ್ ಆಫ್ ಮಾಡಿ, ಗೇರ್‌ಬಾಕ್ಸ್ ಮೇಲೆ ಕೂರುವ ಎರಡು ಕೇಬಲ್‌ಗಳ ಕ್ಲಿಪ್ ತೆಗೆದು ಬಿಡಿಸಿ. ಈಗ ಕಾರಿನೊಳಗೆ ಲಿವರ್ ಆಡಿಸಿದರೂ ಗಟ್ಟಿಯೇ ಇದ್ದರೆ ಕೇಬಲ್ ಒಳಗೆ ಹಿಡಿದುಕೊಂಡಿದೆ, ಬದಲಾಯಿಸಬೇಕು. ಲಿವರ್ ಹಗುರವಾಗಿದ್ದು ಬಾಕ್ಸ್ ಮೇಲಿನ ತೋಳು ಕೈಗೆ ಗಟ್ಟಿ ಅನ್ನಿಸಿದರೆ ದೋಷ ಬಾಕ್ಸ್ ಕಡೆ.

ಇನ್ನು ಸೆಕೆಂಡ್ ಗೇರ್ ವಿಚಾರ. ಫಸ್ಟ್‌ನಿಂದ ಸೆಕೆಂಡ್‌ಗೆ ಹಾಕುವಾಗ ಒಳಗಿನ ಶಾಫ್ಟ್ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬೇಕು, ಮಿಕ್ಕ ಗೇರ್‌ಗಳ ನಡುವೆ ಇಷ್ಟು ಅಂತರ ಇರಲ್ಲ. ಆ ವೇಗ ಸರಿದೂಗಿಸುವುದು ಹಿತ್ತಾಳೆಯ ಸಿಂಕ್ರೊ ರಿಂಗ್. ರಿಂಗ್‌ನ ಒಳಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳಿರುತ್ತವೆ. ಗೇರ್‌ನ ಕೋನಿನ ಮೇಲಿರುವ ಆಯಿಲ್ ಪದರವನ್ನು ಆ ಗೆರೆಗಳು ಕತ್ತರಿಸಿದರೆ ಮಾತ್ರ ಲೋಹಕ್ಕೆ ಲೋಹ ಹಿಡಿಯುತ್ತೆ. ಆಯಿಲ್ ದಪ್ಪ ಇದ್ದರೆ ಪದರ ಒಡೆಯಲು ತಡವಾಗುತ್ತೆ, ಗೆರೆ ಸವೆದಿದ್ದರೆ ಒಡೆಯುವುದೇ ಇಲ್ಲ. ಎರಡೂ ಕೂಡಿದರೆ ನಿಮ್ಮ ಬೆಳಗಿನ ತೊಂದರೆ. ಗೊತ್ತುಮಾಡಿಕೊಳ್ಳಲು ಹಳೇ ಲಾರಿ ಡ್ರೈವರ್‌ಗಳ ವಿಧಾನ ಬಳಸಿ: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಕ್ಷಣ, ಮತ್ತೆ ಒತ್ತಿ ಸೆಕೆಂಡ್. ಹೀಗೆ ಮಾಡಿದಾಗ ಸಲೀಸಾಗಿ ಬಿದ್ದರೆ ಕ್ಲಚ್ ಸರಿ ಇದೆ, ಸಿಂಕ್ರೊಗೆ ಕೆಲಸ ಭಾರವಾಗಿದೆ.

ಆಗ ಮೊದಲು ಆಯಿಲ್ ಬದಲಾಯಿಸಿ. ನಮ್ಮ ಕಡೆ ಟ್ರ್ಯಾಕ್ಟರ್, ಲಾರಿ ಜಾಸ್ತಿ, ಆಯಿಲ್ ಅಂಗಡಿಯಲ್ಲಿ "ಗೇರ್ ಆಯಿಲ್" ಅಂತ ಅಷ್ಟೇ ಕೇಳಿದರೆ 90 ಅಥವಾ 140 ಕೊಟ್ಟುಬಿಡುವುದುಂಟು. ಕಾರಿನ ಪುಸ್ತಕ 75ಡಬ್ಲ್ಯು-80 ಕೇಳುತ್ತಿದ್ದರೆ ಅದು ತೀರಾ ದಪ್ಪವಾಯಿತು. ಅದಕ್ಕಿಂತ ಮುಖ್ಯ, ಗೇರ್ ಆಯಿಲ್‌ನ ದರ್ಜೆಗಳಾದ ಜಿಎಲ್-4 ಮತ್ತು ಜಿಎಲ್-5 ಒಂದೇ ಅಲ್ಲ. ಜಿಎಲ್-5ರಲ್ಲಿ ಗಂಧಕ-ರಂಜಕದ ಅಂಶ ಜಾಸ್ತಿ. ಲಾರಿಯ ಹಿಂದಿನ ಆಕ್ಸಲ್‌ಗೆ ಅದು ಬೇಕು. ಕಾರಿನ ಹಿತ್ತಾಳೆ ರಿಂಗ್‌ಗೆ ಅದು ಕೆಟ್ಟದ್ದು, ಜಾರಿಕೆಯೂ ಹೆಚ್ಚು. ನಂಬರ್ ದೊಡ್ಡದು ಅಂದಮಾತ್ರಕ್ಕೆ ಒಳ್ಳೇದು ಅಂತ ತಿಳಿಯಬೇಡಿ, ಪುಸ್ತಕ ಹೇಳಿದ್ದನ್ನೇ ತನ್ನಿ. ಕೆಲವು ಕಂಪನಿಗಳು ಬೇರೆಯದೇ ಆಯಿಲ್ ಹೇಳುತ್ತವೆ, ಹೋಂಡಾದವರಿಗೆ ಅವರದೇ ಎಂಟಿಎಫ್ (ಮ್ಯಾನುಯಲ್ ಗೇರ್‌ಬಾಕ್ಸ್ ಆಯಿಲ್) ಇದೆ.

ಆಯಿಲ್ ತೆಗೆಯುವ ಮುಂಚೆ ಹರಿಹರದ ತನಕ ಒಂದು ಸುತ್ತು ಹೋಗಿಬನ್ನಿ, ಬಿಸಿ ಇದ್ದರೆ ಕೊಳೆಯೂ ಜೊತೆಗೆ ಇಳಿಯುತ್ತೆ. ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿಸಿ, ಆಮೇಲೆ ಕೆಳಗಿನ ಡ್ರೇನ್ ಬೋಲ್ಟ್. ಉಲ್ಟಾ ಮಾಡಿದಾಗ, ಆಮೇಲೆ ಫಿಲ್ಲರ್ ಬಿಚ್ಚದೇ ಹೋದರೆ ಗಾಡಿ ಆಯಿಲ್ ಇಲ್ಲದೆ ಅಲ್ಲೇ ನಿಲ್ಲುತ್ತೆ. ಹದಿನೈದು ನಿಮಿಷ ಸೋರಲಿ. ವಾಷರ್ ಹೊಸದೇ ಹಾಕಿ. ಗಾಡಿ ಸಮತಟ್ಟಾಗಿ ನಿಂತಿರುವಾಗ, ಫಿಲ್ಲರ್ ತೂತಿನಿಂದ ಹನಿ ಹೊರಗೆ ಬರುವ ತನಕ ತುಂಬಿಸಿ, ಸಣ್ಣ ಕಾರಿಗೆ ಎರಡು ಲೀಟರ್ ಆಸುಪಾಸು ಹಿಡಿಯುತ್ತೆ. ಬೋಲ್ಟ್ ಕೂರುವುದು ಅಲ್ಯೂಮಿನಿಯಂನಲ್ಲಿ, ಉದ್ದ ಪೈಪ್ ಹಾಕಿ ತಿರುಗಿಸಲು ಬಿಡಬೇಡಿ. ಇಳಿದ ಆಯಿಲ್ ಎರಡು ಲೀಟರ್‌ಗಿಂತ ತುಂಬಾ ಕಡಿಮೆ ಇದ್ದರೆ ಆಕ್ಸಲ್ ಒಳಹೊಕ್ಕುವ ಜಾಗದ ಸೀಲ್ ನೋಡಿ, ಸೋರಿಕೆ ಇದ್ದಲ್ಲಿ ಕೆಂಪು ಧೂಳು ಕೆಸರಿನಂತೆ ಮೆತ್ತಿಕೊಂಡಿರುತ್ತೆ.

ಹಳೇ ಆಯಿಲನ್ನು ಚೆಲ್ಲುವ ಮುಂಚೆ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಒಯ್ಯಿರಿ. ಡ್ರೇನ್ ಬೋಲ್ಟ್‌ನ ಅಯಸ್ಕಾಂತಕ್ಕೆ ವಿಭೂತಿ ಎಣ್ಣೆಯಲ್ಲಿ ಕಲಸಿದಂಥ ಬೂದು ಪೇಸ್ಟ್ ಅಂಟಿದ್ದರೆ ಗಾಬರಿ ಬೇಡ, ಅದು ಸಹಜ ಸವೆತ. ಆಯಿಲ್ ಓರೆ ಮಾಡಿದಾಗ ಬಂಗಾರದ ಬಣ್ಣದ ಸಣ್ಣ ಪುಡಿ ಮಿಂಚಿದರೆ ಅದು ಹಿತ್ತಾಳೆ, ಸಿಂಕ್ರೊ ರಿಂಗ್ ಕರಗುತ್ತಿದೆ. ಉಗುರಿನ ಚೂರಿನಂಥ ಉಕ್ಕು ಸಿಕ್ಕರೆ ಹಲ್ಲು ಮುರಿದಿದೆ, ಆ ಗಾಡಿಯನ್ನು ಹೈವೇಗೆ ತೆಗೆದುಕೊಂಡು ಹೋಗಬೇಡಿ.

ಹೊಸ ಆಯಿಲ್ ಹಾಕಿ 200–300 ಕಿ.ಮೀ. ಓಡಿಸಿ, ಎರಡು ಮೂರು ತಣ್ಣಗಿನ ಬೆಳಗು ನೋಡಿ. ಅಲ್ಲಿಯವರೆಗೆ ಮೊದಲ ಎರಡು ಕಿ.ಮೀ. 2000 ಆರ್‌ಪಿಎಂ ಒಳಗೇ ಗೇರ್ ಬದಲಿಸಿ. ಲಿವರನ್ನು ಗುದ್ದಬೇಡಿ, ಸೆಕೆಂಡ್ ಕಡೆಗೆ ಮೆಲ್ಲಗೆ ಒತ್ತಿ ಹಿಡಿದರೆ ತಾನೇ ಜಾರಿ ಕೂರುತ್ತೆ. ಆಯಿಲ್ ತೆಳುವಾಗಲಿ ಅಂತ ಡೀಸೆಲ್ ಬೆರೆಸುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೇ ಹಾಕಿಕೊಳ್ಳಬೇಡಿ, ಬೇರಿಂಗ್ ಹೋಗುತ್ತೆ.

ಇಷ್ಟಾದ ಮೇಲೂ ಬಿಸಿ ಗಾಡಿಯಲ್ಲೂ ಸೆಕೆಂಡ್ ಕರ್ರ್ ಅನ್ನುತ್ತಿದ್ದು, ತಟ್ಟೆಯಲ್ಲಿ ಹಿತ್ತಾಳೆ ಕಂಡಿದ್ದರೆ ಆಗ ಬಾಕ್ಸ್ ಇಳಿಸಿ. ಸೆಕೆಂಡ್ ರಿಂಗ್ ಜೊತೆ ಫಸ್ಟ್ ರಿಂಗ್, ಹಬ್ ಮತ್ತು ಅದರ ಮೇಲೆ ಜಾರಿ ಗೇರ್ ಹಿಡಿಯುವ ಸ್ಲೀವ್‌ನ ಹಲ್ಲಿನ ತುದಿ ಉರುಟಾಗಿದೆಯಾ ಅಂತ ಮುಟ್ಟಿ ನೋಡಲು ಹೇಳಿ, ಹೊಸ ರಿಂಗ್‌ಗೆ ಸವೆದ ಸ್ಲೀವ್ ಕೂರಿಸಿದರೆ ಆರು ತಿಂಗಳಿಗೆ ಮತ್ತೆ ಅದೇ ಸದ್ದು. 90 ಸಾವಿರ ಓಡಿದ ಗಾಡಿಯಾದ್ದರಿಂದ ಇಳಿಸಿದ ಕೈಯಲ್ಲೇ ಕ್ಲಚ್ ಸೆಟ್, ರಿಲೀಸ್ ಬೇರಿಂಗ್, ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಕೂಡ ನೋಡಿಸಿಬಿಡಿ. ಇಳಿಸಿ ಏರಿಸುವ ಕೂಲಿ ಎರಡು ಸಲ ಕೊಡುವುದು ತಪ್ಪುತ್ತೆ.