ವಾಗ್ಮಿ ಯಾರು, ವಾಚಾಳಿ ಯಾರು?

ಪ್ರಶ್ನೆ: ಇಂಗ್ಲಿಷಿನ ‘ಎಲೊಕ್ವೆನ್ಸ್’ಗೆ ವಾಗ್ಮಿತೆ, ವಾಕ್ಚಾತುರ್ಯ, ವಾಕ್ಪಟುತ್ವ, ಮಾತುಗಾರಿಕೆ ಎಂದೆಲ್ಲ ಅರ್ಥ ಕೊಡುತ್ತಾರೆ. ಅನುವಾದ ಮಾಡುವಾಗ ಯಾವುದನ್ನು ಎಲ್ಲಿ ಬಳಸಬೇಕು?
– ಓದುಗರು, ಮೈಸೂರು

ಉತ್ತರ: ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ಬರುವುದಿಲ್ಲ. ವಿಷಯದ ಮೇಲೆ ಹಿಡಿತ, ಪದಗಳ ಆಯ್ಕೆ, ಕೇಳುವವರ ಮನಸ್ಸನ್ನು ಮುಟ್ಟುವ ಶಕ್ತಿ, ಈ ಮೂರೂ ಕೂಡಿದ ಗುಣ ವಾಗ್ಮಿತೆ. ಸಭೆ, ನ್ಯಾಯಾಲಯ, ಶಾಸನಸಭೆಯ ಮಾತಿಗೆ ಅದು ಒಪ್ಪುತ್ತದೆ. ವಾಕ್ಚಾತುರ್ಯದಲ್ಲಿ ಜಾಣತನ ಮುಂದಿರುತ್ತದೆ: ಥಟ್ಟನೆ ಕೊಡುವ ಎದುರುತ್ತರ, ಇಕ್ಕಟ್ಟಿನಿಂದ ನುಣುಚಿಕೊಳ್ಳುವ ಉಪಾಯ. ‘ವಾಕ್ಚಾತುರ್ಯದಿಂದ ಪಾರಾದ’ ಎಂಬುದು ಸರಿ. ‘ವಾಗ್ಮಿತೆಯಿಂದ ಪಾರಾದ’ ಅಂದರೆ ಕಿವಿಗೆ ಒಗ್ಗದು. ವಾಕ್ಪಟುತ್ವ ಪಳಗಿದ ನಾಲಿಗೆಗೆ ಸಲ್ಲುವ ಮಾತು. ವಕೀಲರಿಗೆ, ನಿರೂಪಕರಿಗೆ ಹೊಂದುತ್ತದೆ.

ಮಾತುಗಾರಿಕೆಗೆ ಎರಡು ಮುಖ. ‘ಒಳ್ಳೆಯ ಮಾತುಗಾರ’ ಎಂದರೆ ಮೆಚ್ಚುಗೆ, ‘ಬರೀ ಮಾತುಗಾರ’ ಎಂದರೆ ಕೆಲಸಕ್ಕೆ ಬಾರದವನು. ಈ ಪದ ತನ್ನ ಪೂರ್ತಿ ಗೌರವದಲ್ಲಿ ಇರುವುದನ್ನು ನೋಡಬೇಕಾದರೆ ಕರಾವಳಿಯ ತಾಳಮದ್ದಳೆಗೆ ಹೋಗಬೇಕು. ಅದೂ ಯಕ್ಷಗಾನವೇ, ಆದರೆ ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ಆ ಪಾತ್ರವಾಗಿ, ಬರೆದಿಟ್ಟ ಮಾತಿನ ಹಂಗಿಲ್ಲದೆ ಅರ್ಥ ಕಟ್ಟುತ್ತಾರೆ. ಎದುರಿನ ಅರ್ಥಧಾರಿ ಎತ್ತಿದ ಪ್ರಶ್ನೆಗೆ ಪಾತ್ರದ ಗೌರವ ಬಿಡದೆ ಅಲ್ಲೇ ಉತ್ತರಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದದ್ದು ಈ ಕಲೆಯಿಂದ. ಎಲೊಕ್ವೆನ್ಸ್‌ಗೆ ಕನ್ನಡ ನೆಲದ ಉದಾಹರಣೆ ಕೇಳಿದರೆ ನಾವು ಮೊದಲು ತೋರಿಸುವುದು ಇದನ್ನೇ.

ಅನುವಾದಕ್ಕೆ ಒಂದು ಎಚ್ಚರಿಕೆ. ಇಂಗ್ಲಿಷಿನವರು ಮೌನಕ್ಕೂ ಅಂಕಿ ಅಂಶಕ್ಕೂ ‘ಎಲೊಕ್ವೆಂಟ್’ ಎಂಬ ವಿಶೇಷಣ ಹಚ್ಚುತ್ತಾರೆ. ಕನ್ನಡದಲ್ಲಿ ‘ವಾಗ್ಮಿ ಮೌನ’ ಆಗುವುದಿಲ್ಲ. ‘ಆ ಮೌನವೇ ಎಲ್ಲವನ್ನೂ ಹೇಳಿತು’, ‘ಅಂಕಿ ಅಂಶಗಳೇ ಸಾರಿ ಹೇಳುತ್ತವೆ’ ಎಂದು ಕ್ರಿಯಾಪದದಿಂದ ಸಾಧಿಸಿ.

ಪ್ರಶ್ನೆ: ವಾಕ್ + ಮಯ ಸೇರಿದಾಗ ವಾಙ್ಮಯ ಆಗುತ್ತದೆ ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ಹಾಗಾದರೆ ‘ವಾಗ್ಮಿ’ ಏಕೆ ‘ವಾಙ್ಮಿ’ ಆಗಲಿಲ್ಲ?
– ಪ್ರೌಢಶಾಲಾ ಶಿಕ್ಷಕಿ, ಹಾವೇರಿ

ಉತ್ತರ: ತುಂಬ ಒಳ್ಳೆಯ ಪ್ರಶ್ನೆ. ಇಲ್ಲಿರುವ ಪ್ರತ್ಯಯ ‘ಮಿನ್’ ಅಲ್ಲ, ‘ಗ್ಮಿನ್’. ಪಾಣಿನಿ ಇದಕ್ಕೆಂದೇ ‘ವಾಚೋ ಗ್ಮಿನಿಃ’ (5.2.124) ಎಂಬ ಸೂತ್ರ ಮಾಡಿದ್ದಾನೆ. ವಾಕ್ ಎಂಬುದರ ಮುಂದೆ ಗಕಾರ ಬಂದಿದ್ದರಿಂದ ಅನುನಾಸಿಕ ಸಂಧಿಗೆ ಅವಕಾಶವಿಲ್ಲ, ಜಶ್ತ್ವವಾಗುತ್ತದೆ, ಅಂದರೆ ಕಕಾರ ಗಕಾರವಾಗುತ್ತದೆ. ಕಟ್ಟುನಿಟ್ಟಾಗಿ ಬರೆದರೆ ಎರಡು ಗಕಾರದ ‘ವಾಗ್ಗ್ಮಿ’. ಬಳಕೆಯಲ್ಲಿ ಒಂದು ಗಕಾರ ಉಳಿದಿದೆ, ಅದೇ ಸಾಕು.

ತರಗತಿಯಲ್ಲಿ ಹೇಳಲು ಒಂದು ಸುಳಿವು: ಮುಂದೆ ಕ ಚ ತ ಪ ಸ ಬಂದರೆ ಕಕಾರ ಹಾಗೆಯೇ ಉಳಿಯುತ್ತದೆ – ವಾಕ್ಚಾತುರ್ಯ, ವಾಕ್ಪಟು, ವಾಕ್ಸ್ವಾತಂತ್ರ್ಯ. ಗ ದ ಬ ಯಂಥ ಘೋಷವೋ ವಕಾರವೋ ಬಂದರೆ ಗಕಾರ – ವಾಗ್ದಾನ, ವಾಗ್ವಾದ, ವಾಗ್ದೇವಿ. ಸ್ವರ ಬಂದರೂ ಅಷ್ಟೇ, ವಾಗೀಶ. ‘ವಾಗ್ಪಟು’, ‘ವಾಗ್ಚಾತುರ್ಯ’ ಎಂದು ಆಮಂತ್ರಣ ಪತ್ರಿಕೆಗಳಲ್ಲಿ ಅಚ್ಚಾಗುವುದು ತಪ್ಪು. ಭಾವನಾಮ ವಾಗ್ಮಿತೆ ಅಥವಾ ವಾಗ್ಮಿತ್ವ, ‘ವಾಗ್ಮೀಯತೆ’ ಬೇಡ.

ಪ್ರಶ್ನೆ: ಹೆಚ್ಚು ಮಾತಾಡುವವನು ವಾಚಾಳಿ, ಅಳೆದು ಮಾತಾಡುವವನು ವಾಗ್ಮಿ. ಇದು ಸರಿಯೇ?
– ಓದುಗರು, ಧಾರವಾಡ

ಉತ್ತರ: ಅರ್ಧ ಸರಿ. ಮೇಲೆ ಹೇಳಿದ ಸೂತ್ರದ ಬೆನ್ನಿಗೇ ಪಾಣಿನಿ ವಾಚಾಲ, ವಾಚಾಟ ಎಂಬ ರೂಪಗಳನ್ನು ಹೇಳುತ್ತಾನೆ, ‘ಬಹುಭಾಷಿ’ ಎಂಬ ಅರ್ಥದಲ್ಲಿ. ನಮ್ಮ ವಾಚಾಳಿ ಬಂದದ್ದು ಅಲ್ಲಿಂದ. ಆದರೆ ವ್ಯಾಕರಣ ಪರಂಪರೆ ಅಲ್ಲಿಗೇ ಬಿಡಲಿಲ್ಲ: ಕೆಟ್ಟದಾಗಿ ಬಹಳ ಮಾತಾಡುವವನು ವಾಚಾಲ, ಚೆನ್ನಾಗಿ ಬಹಳ ಮಾತಾಡುವವನು ವಾಗ್ಮಿಯೇ ಎಂದು ಬಿಡಿಸಿ ಹೇಳಿತು. ಅಂದರೆ ಭೇದ ಇರುವುದು ಎಷ್ಟು ಹೊತ್ತು ಮಾತಾಡಿದ ಎಂಬುದರಲ್ಲಲ್ಲ. ಎರಡು ಗಂಟೆ ಮಾತಾಡಿಯೂ ವಾಗ್ಮಿಯಾಗಿರಬಹುದು, ಎರಡು ನಿಮಿಷದಲ್ಲೇ ವಾಚಾಳಿ ಅನ್ನಿಸಿಕೊಳ್ಳಬಹುದು. ವೇದಿಕೆ ಹತ್ತಿದವರಿಗೆಲ್ಲ ‘ಖ್ಯಾತ ವಾಗ್ಮಿ’ ಎಂಬ ಬಿರುದು ಹಚ್ಚುವ ರೂಢಿ ಈ ಪದಕ್ಕೆ ಮಾಡುವ ಅನ್ಯಾಯ. ಅನುಮಾನವಿದ್ದರೆ ಭಾಷಣಕಾರರು ಎಂದು ಬರೆಯಿರಿ. ಅದರಲ್ಲಿ ಹೊಗಳಿಕೆಯೂ ಇಲ್ಲ, ಅವಮಾನವೂ ಇಲ್ಲ.

ಪ್ರಶ್ನೆ: ಐದು ನಿಮಿಷದ ಭಾಷಣ ಸ್ಪರ್ಧೆ ಇದೆ. ಬಾಯಿಪಾಠ ಮಾಡಿದರೂ ನಡುವೆ ತಡವರಿಸುತ್ತೇನೆ. ಏನು ಮಾಡಲಿ?
– ಪಿಯು ವಿದ್ಯಾರ್ಥಿನಿ, ತುಮಕೂರು

ಉತ್ತರ: ತಡವರಿಸಲು ಬಾಯಿಪಾಠವೇ ಕಾರಣ ಇರಬಹುದು. ಸರಪಳಿಯ ಒಂದು ಕೊಂಡಿ ಕಳಚಿದರೆ ಮುಂದಿನದು ಸಿಗುವುದಿಲ್ಲ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯ ಮಾತ್ರ ಬಾಯಿಪಾಠವಾಗಿರಲಿ. ನಡುವಿನದಕ್ಕೆ ಮೂರೇ ಅಂಶ. ಒಂದೊಂದಕ್ಕೂ ಒಂದು ಪದ ಮತ್ತು ಒಂದು ಉದಾಹರಣೆಯನ್ನು ಅಂಗೈಯಗಲದ ಚೀಟಿಯಲ್ಲಿ ಬರೆದುಕೊಳ್ಳಿ. ನಿಮಿಷಕ್ಕೆ ಸುಮಾರು ನೂರು ಪದ ಎಂದು ಲೆಕ್ಕ ಹಿಡಿದರೆ ಐದು ನಿಮಿಷಕ್ಕೆ 450 ಪದ ಸಾಕು, ಉಳಿದದ್ದು ನಿಲುಗಡೆಗೆ. ನಿಮ್ಮ ವೇಗವನ್ನು ಗಡಿಯಾರ ಇಟ್ಟು ನೋಡಿಕೊಳ್ಳಿ.

ಕನ್ನಡದ ಭಾಷಣ ಹೆಚ್ಚಾಗಿ ಕೆಡುವುದು ವಾಕ್ಯದ ಕೊನೆಯಲ್ಲಿ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’, ‘ಅಲ್ಲ’ ಕೂಡ ಅಲ್ಲೇ. ಅಷ್ಟು ಹೊತ್ತಿಗೆ ಉಸಿರು ಮುಗಿದಿರುತ್ತದೆ. ‘ಈ ನೀರು ಕುಡಿಯಲು ಯೋಗ್ಯವಲ್ಲ’ ಎಂಬಲ್ಲಿ ಕೊನೆಯ ಎರಡು ಅಕ್ಷರ ನುಂಗಿದರೆ ಕೇಳುವವರಿಗೆ ವಿಷಯವೇ ತಲುಪಲಿಲ್ಲ. ಆದ್ದರಿಂದ ವಾಕ್ಯ ಹತ್ತು ಹನ್ನೆರಡು ಪದ ದಾಟದಿರಲಿ. ಕೊನೆಯ ಪದಕ್ಕೆ ಮೊದಲ ಪದದಷ್ಟೇ ದನಿ ಇರಲಿ. ಉಸಿರೆಳೆದುಕೊಳ್ಳುವುದು ವಾಕ್ಯ ಮುಗಿದ ಮೇಲೆ.

ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿ. ‘ಮಾಡತಕ್ಕಂಥ’, ‘ಈ ಒಂದು ಸಂದರ್ಭದಲ್ಲಿ ಈ ಒಂದು ವಿಷಯವನ್ನು’ – ಇಂಥವು ಎಷ್ಟು ಸಲ ಬಂದವು, ಗೀಟು ಹಾಕುತ್ತಾ ಹೋಗಿ. ಮುಂದಿನ ಪದ ಹುಡುಕಲು ನಾಲಿಗೆ ಸಮಯ ಕೇಳಿದಾಗ ಅವು ನುಗ್ಗುತ್ತವೆ. ಆ ಜಾಗದಲ್ಲಿ ಸುಮ್ಮನೆ ಒಂದು ಕ್ಷಣ ನಿಲ್ಲಿ. ಸಭೆಗೆ ಅದು ತಡವರಿಕೆಯಾಗಿ ಕಾಣುವುದಿಲ್ಲ. ವೇದಿಕೆಯ ಮೇಲಿರುವವರ ಹೆಸರು ಹಿಡಿದು ವಂದಿಸುತ್ತಾ ಅರ್ಧ ನಿಮಿಷ ಕಳೆಯಬೇಡಿ, ‘ಎಲ್ಲರಿಗೂ ನಮಸ್ಕಾರ’ ಸಾಕು.

ಪ್ರಶ್ನೆ: ‘ನಿರ್ಗಳ ಭಾಷಣ’ವೋ, ‘ನಿರರ್ಗಳ ಭಾಷಣ’ವೋ?
– ಓದುಗರು, ಬಳ್ಳಾರಿ

ಉತ್ತರ: ನಿರರ್ಗಳ. ಅರ್ಗಳ ಎಂದರೆ ಬಾಗಿಲ ಅಗುಳಿ; ಅಗುಳಿ ಇಲ್ಲದ್ದು ನಿರರ್ಗಳ, ತಡೆಯಿಲ್ಲದೆ ಹರಿಯುವ ಮಾತು. ‘ನಿರ್ಗಳ’ ತಪ್ಪು ರೂಪ.