ಒಂದೂವರೆ ಗಂಟೆಯ ವಿಮಾನಕ್ಕೂ ಅಪ್ಪನಿಗೆ ಮನೆಯ ಬನ್ಸ್ ಬೇಕಂತೆ, ಬೇಡ ಅಂತ ಹೇಗೆ ಒಪ್ಪಿಸಲಿ?

ಒಪ್ಪಿಸಬೇಡಿ. ಮುಂಬೈಗೆ ಅಷ್ಟು ಹೊತ್ತಿಗೆಲ್ಲ ಡಬ್ಬಿ ಯಾಕೆ, ಹಸಿವಾದರೆ ವಿಮಾನದಲ್ಲೇ ಕೊಂಡರಾಯಿತು, ಪಕ್ಕದವರು ಏನಂದುಕೊಂಡಾರು ಅಂತ ನೀವು ಬರೆದದ್ದನ್ನೆಲ್ಲ 2017ರಲ್ಲಿ ನಾನು ನನ್ನ ಅಪ್ಪನಿಗೆ ಹೇಳಿ ಆಗಿತ್ತು.

ಜುಲೈ ತಿಂಗಳು, ಬೆಳಗ್ಗೆ ಏಳೂವರೆಯ ವಿಮಾನ. ನಮ್ಮ ಮನೆ ಉಡುಪಿ ಹತ್ತಿರದ ಕಟಪಾಡಿಯಲ್ಲಿ. ಅಮ್ಮ ಹಿಂದಿನ ರಾತ್ರಿಯೇ ಕಳಿತ ಬಾಳೆಹಣ್ಣು ಹಿಸುಕಿ, ಮೊಸರು, ಜೀರಿಗೆ ಹಾಕಿ ಮೈದಾ ಕಲಸಿಟ್ಟು, ಮೂರು ಗಂಟೆಗೆ ಎದ್ದು ಕರಿದಿದ್ದರು. ಹನ್ನೆರಡು ಬನ್ಸ್, ಒಂದು ಪೊಟ್ಟಣ ತುಕ್ಕುಡಿ ಎಂಬ ಕುರುಕಲು. ಅಪ್ಪ ಅದನ್ನು ಬಟ್ಟೆಯ ಚೀಲದಲ್ಲಿ ಹೆಗಲಿಗೆ ಹಾಕಿಕೊಂಡು ಬಂದರೆ ನನಗೆ ನಾಚಿಕೆ. ಚೀಲ ಕಸಿದುಕೊಂಡು ಡಬ್ಬಿಯನ್ನು ನನ್ನ ಚಕ್ರದ ಪೆಟ್ಟಿಗೆಯ ತಳಕ್ಕೆ, ಅಂಗಿಗಳ ಅಡಿಗೆ ತುರುಕಿದೆ.

ಅಪ್ಪನಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೆಳಗ್ಗಿನ ತಿಂಡಿಗೆ ಅರ್ಧ ಗಂಟೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಲ್ಲಿ ತಪಾಸಣೆ ಮುಗಿದು, ಹತ್ತಲು ಕರೆಯುವ ಹೊತ್ತಿಗೆ ಸರಿಯಾಗಿ ಚುಚ್ಚಿಕೊಂಡರು. ಒಳಗೆ ಹೋಗಿ ಕೂತ ಕೂಡಲೇ ತಿನ್ನುವುದು ಅಂತ ಅವರ ಲೆಕ್ಕ, ಲೆಕ್ಕದಲ್ಲಿ ತಪ್ಪಿರಲಿಲ್ಲ. ಬಾಗಿಲ ಹತ್ತಿರ ಸಿಬ್ಬಂದಿಯೊಬ್ಬರು ನನ್ನನ್ನು ತಡೆದು, ಮೇಲೆ ಜಾಗ ಭರ್ತಿಯಾಗಿದೆ, ಪೆಟ್ಟಿಗೆ ಕೆಳಗೆ ಹಾಕುತ್ತೇವೆ ಅಂದರು. ಒಳಗೆ ಪವರ್ ಬ್ಯಾಂಕ್ ಉಂಟಾ ಅಂತ ಕೇಳಿದರು. ಉಂಟು ಅಂತ ಪೆಟ್ಟಿಗೆ ಬಿಚ್ಚಿ ಅದನ್ನು ತೆಗೆದೆ. ಡಬ್ಬಿ ನನ್ನ ಬೆರಳಿಗೆ ತಾಗಿತು. ಆದರೂ ತೆಗೆಯಲಿಲ್ಲ.

ಅದೊಂದೇ ತಪ್ಪು. ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಇನ್ಸುಲಿನ್ ಅಪ್ಪನ ಕಿಸೆಯಲ್ಲಿತ್ತು, ಅದು ಸರಿಯೇ. ಕೆಳಗೆ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು ಅಂತ ನಮಗೆ ಗೊತ್ತಿತ್ತು. ಆದರೆ ಇನ್ಸುಲಿನ್ ಎಲ್ಲಿರುತ್ತದೋ ತಿಂಡಿಯೂ ಅಲ್ಲೇ ಇರಬೇಕು ಅಂತ ಹೊಳೆಯಲಿಲ್ಲ. ಮೈಯೊಳಗೆ ಹೋದ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ, ತಿಂಡಿ ತಡವಾಗಿದೆ ಅಂತ ಅದು ಕಾಯುವುದಿಲ್ಲ.

ಬಾಗಿಲು ಹಾಕಿದ ಮೇಲೆ ಮಳೆ ಜೋರಾಯಿತು. ಗುಡ್ಡ ಸಮತಟ್ಟು ಮಾಡಿ ಕಟ್ಟಿದ ರನ್‌ವೇ ನಮ್ಮದು, ಎರಡೂ ತುದಿಯಲ್ಲಿ ಕಣಿವೆ. ಆಚೆ ಏನೂ ಕಾಣದಿದ್ದಾಗ ವಿಮಾನ ಬಿಡುವುದಿಲ್ಲ, ಬಿಡಲೂಬಾರದು. ನಲವತ್ತು ನಿಮಿಷ ಬೆಲ್ಟ್ ಕಟ್ಟಿಕೊಂಡು ಕೂತೆವು. ವಿಮಾನ ಮೇಲೇರುವ ತನಕ ತಿಂಡಿಯ ಗಾಡಿ ಬರುವುದಿಲ್ಲ. ಅಪ್ಪ ಸಂಕೋಚದ ಮನುಷ್ಯ, ಯಾರನ್ನೂ ಏನೂ ಕೇಳಲಿಲ್ಲ. ನಾನು ಮೊಬೈಲ್ ನೋಡುತ್ತಿದ್ದೆ. "ಬನ್ಸ್ ಓಲುಂಡು ಮಗಾ?" ಅಂದರು, ಎಲ್ಲಿದೆ ಅಂತ. ತಿರುಗಿ ನೋಡಿದರೆ ಅಂಗಿ ಬೆವರಿಗೆ ಒದ್ದೆ, ಕೈ ನಡುಗುತ್ತಿದೆ. ಕೆಳಗುಂಟು ಅಂದೆ. ಮತ್ತೆ ಅದೇ ಪ್ರಶ್ನೆ. ಮೂರನೇ ಸಲ ಕೇಳುವಾಗ ನಾಲಿಗೆ ತೊದಲಿತು.

ಕಿಟಕಿ ಪಕ್ಕ ಕೂತಿದ್ದ ಮೂಡುಬಿದಿರೆಯ ಅಮ್ಮನೊಬ್ಬರು ನನ್ನನ್ನು ಒಂದು ಮಾತೂ ಕೇಳದೆ, ಪರ್ಸಿನಿಂದ ಕಟೀಲಿನ ಪ್ರಸಾದದ ಕಲ್ಲುಸಕ್ಕರೆ ತೆಗೆದು ಅಪ್ಪನ ಬಾಯಿಗೆ ಹಾಕಿದರು. ನಾನು ಗುಂಡಿ ಒತ್ತಿ ಗಗನಸಖಿಯನ್ನು ಕರೆದೆ, ಆಕೆ ಸಕ್ಕರೆ ನೀರು ತಂದರು. ಕಾಲು ಗಂಟೆಯಲ್ಲಿ ಅಪ್ಪ ಅಪ್ಪನಾದರು. ಪಕ್ಕದವರು ಏನಂದುಕೊಂಡಾರು ಅಂತ ನಾನು ಹೆದರಿದ್ದೆನಲ್ಲ, ಆ ಪಕ್ಕದವರು ಅವರೇ.

ಆದ್ದರಿಂದ ಕೊಳ್ಳುವುದೋ ಕಟ್ಟಿಕೊಳ್ಳುವುದೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಮುಖ್ಯ ಅನಿಸುವುದಿಲ್ಲ. ತಿಂಡಿ ಎಲ್ಲಿರುತ್ತದೆ? ಅಪ್ಪನ ಕಾಲ ಬುಡದಲ್ಲಿ, ಮುಂದಿನ ಸೀಟಿನಡಿ, ಸಣ್ಣ ಬಟ್ಟೆಯ ಚೀಲದಲ್ಲಿ ಇರಲಿ. ತಲೆ ಮೇಲಿನ ಗೂಡೂ ಬೇಡ, ಬೆಲ್ಟ್ ದೀಪ ಉರಿಯುವಾಗ ಏಳುವ ಹಾಗಿಲ್ಲ. ಮಳೆಗಾಲದಲ್ಲಿ ಒಂದೂವರೆ ಗಂಟೆ ಅನ್ನುವುದು ಟಿಕೆಟ್ಟಿನ ಮೇಲೆ ಮಾತ್ರ. ಬಜ್ಪೆಯಲ್ಲಿ ಇಳಿಯಲಾಗದೆ ಬೆಂಗಳೂರಿಗೆ ತಿರುಗಿದ ವಿಮಾನದಲ್ಲಿ ಕೂತವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ.

ಬನ್ಸ್ ಇದಕ್ಕೆಂದೇ ಮಾಡಿದ ಹಾಗಿದೆ, ಮರುದಿನಕ್ಕೂ ಮೆತ್ತಗಿರುತ್ತದೆ, ಸೋರುವುದಿಲ್ಲ. ಕಾಯಿಚಟ್ನಿ ಬೇಡ, ಹಳಸುತ್ತದೆ. ಉಪ್ಪಿನಕಾಯಿಯನ್ನು ತಪಾಸಣೆಯಲ್ಲಿ ತೆಗೆಸಬಹುದು. ಕಡ್ಲೆ ಬಜಿಲ್, ಅಂದರೆ ಕಡಲೆ ಮತ್ತು ಅವಲಕ್ಕಿ, ಕೂಡ ಬೇಡ. ಮೇಲೆ ಹೋದಾಗ ಒಳಗಿನ ಗಾಳಿ ಆರೇಳು ಸಾವಿರ ಅಡಿ ಬೆಟ್ಟದ ಮೇಲಿದ್ದಷ್ಟು ತೆಳುವಾಗಿ ಚಿಪ್ಸ್ ಪೊಟ್ಟಣ ಉಬ್ಬುತ್ತದೆ, ಹೊಟ್ಟೆಯೂ ಹಾಗೆಯೇ. ಒಣಕೊಬ್ಬರಿ ಯಾವ ಚೀಲದಲ್ಲೂ ಇರಬಾರದು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ವಸ್ತು ಅದು.

ಅಪ್ಪನಿಗೆ ಸಕ್ಕರೆ ಕಾಯಿಲೆ ಉಂಟೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ, ತಿಂಡಿ ಕೈಗೆ ಬಂದ ಮೇಲೆಯೇ ಇನ್ಸುಲಿನ್, ಎಷ್ಟು ಹೊತ್ತು ಬಿಟ್ಟು ತಿನ್ನಬೇಕೆಂದು ಅವರ ಡಾಕ್ಟರರನ್ನು ಈಗಲೇ ಕೇಳಿಡಿ. ಕಿಸೆಯಲ್ಲಿ ಬೇರೆಯಾಗಿ ಗ್ಲೂಕೋಸ್ ಇರಲಿ, ಯಾಕೆಂದರೆ ಕರಿದ ತಿಂಡಿಯ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಏರುತ್ತದೆ.

ಶನಿವಾರ ಬೆಳಗ್ಗೆ ಹೊರಡುವುದು ಅಂದಿರಲ್ಲ. ಶುಕ್ರವಾರ ರಾತ್ರಿ ಊಟ ಆದ ಕೂಡಲೇ ಹಿಟ್ಟು ಕಲಸಿಡಿ. ಕಿಟಕಿ ಪಕ್ಕದವರಿಗೂ ಸೇರಿಸಿ ನಾಲ್ಕು ಜಾಸ್ತಿ ಕರಿಯಿರಿ.