ಕಡಲು ಅಂಗಳಕ್ಕೆ ಬಂದ ಮೇಲೆ

ಆಕೆಗೆ ನಲವತ್ತು ದಾಟಿದೆ. ಕಾರವಾರ ಮತ್ತು ಅಂಕೋಲೆಯ ನಡುವಿನ ಒಂದು ಮೀನುಗಾರರ ಊರು. ಮನೆ ಹೆದ್ದಾರಿಯ ಪಶ್ಚಿಮಕ್ಕೆ, ಮರಳ ದಂಡೆಗೆ ಅಂಟಿಕೊಂಡಿದೆ. ಗಂಡ ಪರ್ಸೀನ್ (ದೊಡ್ಡ ಸುತ್ತುಬಲೆಯ) ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಆಕೆ ಬೆಳಗಿನ ಹೊತ್ತು ಮೀನು ಮಾರುತ್ತಾರೆ. ಮಗಳು ಪಿಯುಸಿ, ಮಗ ಎಂಟನೇ ತರಗತಿ, ಜೊತೆಗೆ ವಯಸ್ಸಾದ ಅತ್ತೆ. ನಿದ್ರೆಯ ತೊಂದರೆ ಎಂದು ಬರೆದು ವೈದ್ಯರು ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಕಳುಹಿಸಿದ್ದರು. ಆದರೆ ಆಕೆ ಕುಳಿತವರೇ ಆಡಿದ ಮೊದಲ ಮಾತು ನಿದ್ರೆಯದಾಗಿರಲಿಲ್ಲ: “ನಾವು ಶಿರಸಿಗೆ ಹೋಗಬೇಕು ಮೇಡಂ. ಇವರು ಒಪ್ಪುತ್ತಿಲ್ಲ. ನೀವು ಹೇಳಿದರೆ ಕೇಳುತ್ತಾರೆ.”

ಕುಟುಂಬದ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ತೊಂದರೆ ಶುರುವಾದದ್ದು 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತದ ಹೊತ್ತಿಗೆ. ಲಕ್ಷದ್ವೀಪದ ಬಳಿ ಹುಟ್ಟಿದ ಅದು ನಮ್ಮ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸರಿದು 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. ನಮ್ಮ ಜಿಲ್ಲೆಯನ್ನು ಹೊರಗಿನಿಂದ ಹಾದುಹೋಯಿತು ಅಷ್ಟೇ. ಹಾದುಹೋದದ್ದೇ ಇವರ ಹಿತ್ತಲಿನ ತೆಂಗಿನ ಮರಗಳನ್ನು ಬುಡ ಸಮೇತ ಕೆಡವಿತು. ಅಲೆಯ ನೀರು ಅಡುಗೆಮನೆಯವರೆಗೂ ಬಂತು. ಅಂದಿನಿಂದ ಗಾಳಿ ಜೋರಾದರೆ ಆಕೆ ಏಳುತ್ತಾರೆ. ಬಾಗಿಲ ಚಿಲಕ ಮುಟ್ಟಿ ನೋಡುತ್ತಾರೆ. ಪಡಿತರ ಚೀಟಿ, ಆಧಾರ್, ಮಕ್ಕಳ ಅಂಕಪಟ್ಟಿ ಇರುವ ಪ್ಲಾಸ್ಟಿಕ್ ಚೀಲವನ್ನು ತಲೆದಿಂಬಿನ ಕೆಳಗೆ ಎಳೆದುಕೊಳ್ಳುತ್ತಾರೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಗೆ ಇಳಿದ ಮೇಲೆ ರಾತ್ರಿಯಿಡೀ ಮೊಬೈಲಿನಲ್ಲಿ ಹವಾಮಾನ ನೋಡುವುದೂ ಸೇರಿಕೊಂಡಿತು.

ಗಂಡ ಬರಲು ತಡಮಾಡಿದರು. ಬಂದವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, “ಶಿರಸಿಯಲ್ಲಿ ನಾನು ಏನು ಮಾಡಲಿ? ಅಡಿಕೆ ಸುಲಿಯಲೇ? ಬೋಟಿನಲ್ಲಿ ನನಗೂ ಪಾಲಿದೆ, ಸಂಘದ ಸಾಲ ಇದೆ. ಖಲಾಸಿಗಳು ನನ್ನನ್ನು ನಂಬಿ ಬರುತ್ತಾರೆ.” ಹೆಂಡತಿಗೆ ತನ್ನ ಕಸುಬಿನ ಬಗ್ಗೆ ನಾಚಿಕೆ ಎಂದು ಅವರು ತಿಳಿದಿದ್ದರು. ಗಂಡನಿಗೆ ಮಕ್ಕಳಿಗಿಂತ ಬೋಟು ಹೆಚ್ಚು ಎಂದು ಹೆಂಡತಿ ತಿಳಿದಿದ್ದರು. ಇಬ್ಬರೂ ಈ ಮಾತನ್ನು ಒಬ್ಬರಿಗೊಬ್ಬರು ಹೇಳಿರಲಿಲ್ಲ, ನನ್ನೆದುರು ಹೇಳಿದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಹೋಗುವುದೋ ಇರುವುದೋ ಎಂಬ ಜಗಳದ ಒಳಗೆ ಇಂಥ ನೋವೊಂದು ಕುಳಿತಿರುತ್ತದೆ. ಅದು ಹೊರಗೆ ಬರದೆ ನಕ್ಷೆ, ಲೆಕ್ಕ, ಸಲಹೆ ಯಾವುದೂ ಒಳಗೆ ಇಳಿಯುವುದಿಲ್ಲ.

ಹೋಗಿ ಎಂದಾಗಲಿ ಇರಿ ಎಂದಾಗಲಿ ನಾನು ಹೇಳುವುದಿಲ್ಲ ಎಂದು ಆಕೆಗೆ ಮೊದಲೇ ತಿಳಿಸಿದೆ. ಆಕೆಗೆ ಬೇಸರವಾಯಿತು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಆಕೆಯ ಭಯ ಮತ್ತು ಆ ಮನೆಗಿರುವ ಅಪಾಯ ಎರಡೂ ನಿಜ, ಆದರೆ ಅವು ಎರಡು ಬೇರೆ ಬೇರೆ ಸಂಗತಿಗಳು. ಮನೆ ಬದಲಿಸಿದರೆ ಭಯ ಹೋಗುತ್ತದೆ ಎಂದು ಆಕೆ ಅಂದುಕೊಂಡಿದ್ದರು. ಭಯ ಹೆಂಗಸಿನದು, ಆದ್ದರಿಂದ ಅಪಾಯವೂ ಇಲ್ಲ ಎಂದು ಗಂಡ ಅಂದುಕೊಂಡಿದ್ದರು.

ಭಯವನ್ನು ಮೊದಲು ನೋಡಿದೆವು. ರಾತ್ರಿ ಎಚ್ಚರವಾದಾಗಲೆಲ್ಲ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಬರೆದುಕೊಳ್ಳಿ, ಆ ಹೊತ್ತಿಗೆ ಹೊರಗೆ ನಿಜವಾಗಿ ಏನಿತ್ತು ಎಂಬುದನ್ನೂ ಬರೆಯಿರಿ ಎಂದೆ. ಎಂಟು, ಒಂಬತ್ತು ಎಂದು ಬರೆದ ಹಲವು ರಾತ್ರಿಗಳಲ್ಲಿ ಸಮುದ್ರ ಶಾಂತವಾಗಿತ್ತು. ಮಳೆಗಾಲದಲ್ಲಿ ಶಿರಸಿಯ ಅಣ್ಣನ ಮನೆಯಲ್ಲಿ ಕೆಲವು ದಿನ ಇದ್ದು ನೋಡಿ ಎಂದೂ ಹೇಳಿದೆ. ಮೊದಲ ರಾತ್ರಿಗಳು ಚೆನ್ನಾಗಿ ನಿದ್ರೆ ಬಂತು. ಆಮೇಲೆ ಒಂದು ರಾತ್ರಿ, ಶಿರಸಿಯಿಂದ ಕರಾವಳಿಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ಮಣ್ಣು ಜರಿದಿದೆ ಎಂಬ ಸುದ್ದಿ ಬಂತು. ಗಂಡ ಕೆಳಗೆ ದಡದ ಮನೆಯಲ್ಲಿ, ತಾನು ಮೇಲೆ. ಅಂದು ಆಕೆ ಬರೆದದ್ದು ಒಂಬತ್ತು. ಚೀಲ ಅಲ್ಲಿಯೂ ತಲೆದಿಂಬಿನ ಕೆಳಗೇ ಇತ್ತು.

ಹಾಗೆಂದು ಅದನ್ನು ಬರಿಯ ಭಯ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಅಪಾಯವನ್ನು ಲೆಕ್ಕ ಹಾಕುವ ಕೆಲಸವನ್ನು ಗಂಡನಿಗೇ ಒಪ್ಪಿಸಿದೆ, ಏಕೆಂದರೆ ಆ ದಡವನ್ನು ಅವರಷ್ಟು ಬಲ್ಲವರು ಇಲ್ಲ. ತಾನು ಹುಡುಗನಾಗಿದ್ದಾಗ ರಂಪಣಿ ಬಲೆ ಎಳೆದು ಒಣಗಿಸುತ್ತಿದ್ದ ಜಾಗ ಈಗ ಎಲ್ಲಿದೆ? ಅವರು ಹೋಗಿ ಹೆಜ್ಜೆ ಹಾಕಿ ಅಳೆದು ಬಂದರು. ಆ ಜಾಗ ನೀರಿನೊಳಗಿತ್ತು. ಪಕ್ಕದ ಕೇರಿಗೆ ಕಲ್ಲಿನ ತಡೆಗೋಡೆ ಹಾಕಿದ ಮೇಲೆ ಗೋಡೆ ಮುಗಿಯುವಲ್ಲಿ ಕೊರೆತ ಹೆಚ್ಚಾಗಿದೆ, ಅದು ತಮ್ಮ ಹಿತ್ತಲಿನ ಕಡೆಗೇ ಎಂದೂ ಅವರೇ ಹೇಳಿದರು. ತಡೆಗೋಡೆ ತನ್ನ ಹಿಂದಿನ ನೆಲವನ್ನು ಕಾಯುತ್ತದೆ, ತನ್ನ ತುದಿಯಾಚೆಯ ಮರಳನ್ನು ಅಲೆಗೆ ಬಿಟ್ಟುಕೊಡುತ್ತದೆ. ಅಂದು ಅವರ ಮುಖ ನೋಡಿದವರಿಗೆ ಈ ಮನುಷ್ಯನಿಗೆ ಭಯವಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ.

ತೂಫಾನಿನ ವಿಷಯದಲ್ಲಿ ನನಗೆ ತಿಳಿದದ್ದನ್ನು ಹೇಳಿದೆ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮುಂಗಾರಿನ ಮುಂಚೆ ಮೇ–ಜೂನಿನಲ್ಲಿ ಮತ್ತು ಮುಂಗಾರಿನ ನಂತರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಬಹುಪಾಲು ವಾಯವ್ಯಕ್ಕೋ ಉತ್ತರಕ್ಕೋ ಸರಿಯುತ್ತವೆ. 2019ರ ಅಕ್ಟೋಬರಿನ ಕ್ಯಾರ್ ಒಮಾನಿನ ದಿಕ್ಕಿಗೆ ಸರಿಯಿತು, 2023ರ ಜೂನಿನ ಬಿಪರ್‌ಜೋಯ್ ಗುಜರಾತಿಗೆ ಹೋಯಿತು. ಕರ್ನಾಟಕದ ದಡಕ್ಕೆ ನೇರವಾಗಿ ಬರುವುದು ಬಹಳ ಅಪರೂಪ. ಆದರೆ ಈ ಸಮುದ್ರ ಬಿಸಿಯಾಗುತ್ತಿದೆ, ಬಲವಾದ ಚಂಡಮಾರುತಗಳು ಮೊದಲಿಗಿಂತ ಹೆಚ್ಚಿವೆ. ದೂರದಲ್ಲಿ ಹಾದುಹೋದರೂ ಅಲೆ ಬರುತ್ತದೆ. ಜುಲೈ ತಿಂಗಳ ಅಪಾಯ ಬೇರೆ: ಮಳೆ, ಕಡಲ್ಕೊರೆತ, ನೆರೆ, ಗುಡ್ಡ. ಘಟ್ಟ ಹತ್ತಿದರೆ ಅಲೆ ಇಲ್ಲ ನಿಜ, ಆದರೆ 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಅಡಿಕೆ ತೋಟಗಳೇ ಜಾರಿಹೋದವು. ಆದ್ದರಿಂದ ಯಾವ ಊರು ಎಂಬುದಕ್ಕಿಂತ ಯಾವ ಜಾಗ ಎಂದು ಕೇಳಿ, ಹಿಂದೆ ಕಡಿದ ಗುಡ್ಡ ಇದೆಯೇ, ಮುಂದೆ ಹಳ್ಳ ಇದೆಯೇ ನೋಡಿ ಎಂದೆ.

ಅತ್ತೆಯನ್ನು ಯಾರೂ ಕರೆದುಕೊಂಡು ಬಂದಿರಲಿಲ್ಲ. “ಆಯಿ ಬರುವುದಿಲ್ಲ, ಸತ್ತರೂ ಇಲ್ಲೇ ಎನ್ನುತ್ತಾರೆ,” ಎಂದು ತಾಂಡೇಲರು ಮೊದಲೇ ಹೇಳಿಬಿಟ್ಟಿದ್ದರು. ನಾನೇ ಅವರ ಮನೆಗೆ ಹೋದೆ. ಅತ್ತೆ ಸೀಬರ್ಡ್ ನಿರಾಶ್ರಿತರು, ಅಂದರೆ ಸೀಬರ್ಡ್ ಎಂಬ ನೌಕಾನೆಲೆ ಯೋಜನೆಗಾಗಿ ನೆಲೆ ಬಿಟ್ಟವರು. ಕಾರವಾರದ ನೌಕಾನೆಲೆಗೆ 1986ರಲ್ಲಿ ಶಿಲಾನ್ಯಾಸವಾಯಿತು. ಅದಕ್ಕಾಗಿ ಕಾರವಾರ–ಅಂಕೋಲೆ ನಡುವಿನ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟವು, ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದವು. ಬಿಟ್ಟ ಮನೆಯಲ್ಲಿ ಬಾವಿ ಎಲ್ಲಿತ್ತು, ಭೂತದ ಕಟ್ಟೆ ಎಲ್ಲಿತ್ತು, ಯಾವ ಹಲಸು ಯಾರ ಪಾಲಿಗೆ ಬರುತ್ತಿತ್ತು ಎಂದು ಆಕೆ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಅತ್ತೆಯ ಗಂಡ ಪರಿಹಾರದ ದುಡ್ಡು ಪೂರ್ತಿ ಕಾಣುವ ಮೊದಲೇ ತೀರಿಕೊಂಡರಂತೆ. “ಆಗ ನಮ್ಮನ್ನು ಯಾರೂ ಕೇಳಲಿಲ್ಲ. ಕಾಗದ ಬಂತು, ಹೊರಟೆವು. ಈಗಲೂ ಯಾರೂ ಕೇಳಿಲ್ಲ. ಸೊಸೆ ಹೋಗೋಣ ಎನ್ನುತ್ತಾಳೆ, ಮಗ ಬೇಡ ಎನ್ನುತ್ತಾನೆ.” ನಾನು ಕೇಳಿದೆ, ನಿಮಗೆ ಏನು ಬೇಕು? ಸಮುದ್ರದ ಸದ್ದು ಕೇಳುವಷ್ಟು ಹತ್ತಿರ ಇರಬೇಕು, ಆದರೆ ಮೊಮ್ಮಕ್ಕಳು ಅಲ್ಲಿ ಮಲಗುವುದು ಬೇಡ ಎಂದರು. ಹಟಮಾರಿ ಎಂದು ಮನೆಯವರು ಬದಿಗಿಟ್ಟಿದ್ದ ಮುದುಕಿ ಇಬ್ಬರಿಗಿಂತ ಸ್ಪಷ್ಟವಾಗಿ ಯೋಚಿಸಿದ್ದರು. ಒಮ್ಮೆ ಎಬ್ಬಿಸಲ್ಪಟ್ಟ ಜನರಿಗೆ ಸ್ಥಳಾಂತರ ಎಂದರೆ ಸುರಕ್ಷತೆ ಎಂದು ಮಾತ್ರ ಕೇಳಿಸುವುದಿಲ್ಲ. ಈ ಜಿಲ್ಲೆಯಲ್ಲಿ ಕೆಲಸ ಮಾಡುವ ಯಾರೇ ಆಗಲಿ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

ಮೂವರನ್ನೂ ಕೂರಿಸಿ ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಸಮಯದ್ದು. ಗಾಳಿ ಬೀಸುವಾಗ ನಿರ್ಧಾರ ಬೇಡ, ಬೋಟಿನ ಪಾಲು ಕೈಗೆ ಬಂದು ಮನೆ ಖುಷಿಯಲ್ಲಿರುವಾಗಲೂ ಬೇಡ. ಡಿಸೆಂಬರ್ ಕಳೆದ ಮೇಲೆ, ಸಮುದ್ರ ತಣ್ಣಗಿರುವಾಗ ಕುಳಿತು ಮಾತಾಡಿ. ಅಲ್ಲಿಯವರೆಗೆ ಒಂದು ಗಟ್ಟಿ ನಿಯಮ ಇರಲಿ: ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಅಥವಾ ಭಾರಿ ಅಲೆಯ ಮುನ್ಸೂಚನೆ ಬಂದ ದಿನ ಇಡೀ ಮನೆ ಹೆದ್ದಾರಿಯಾಚೆಯ ನಂಟರಲ್ಲಿ ಮಲಗಬೇಕು, ಅದಕ್ಕೆ ಚರ್ಚೆ ಇಲ್ಲ. ಆಕೆ ರಾತ್ರಿಯಿಡೀ ಮೊಬೈಲ್ ನೋಡುವುದು ಬೇಡ. ಸಂಜೆ ಒಮ್ಮೆ ತಾಂಡೇಲರು ನೋಡಿ ಹೇಳಲಿ.

ಎರಡನೆಯದು, ಸ್ಥಳ ಬಿಡುವುದನ್ನೂ ಜಾಗ ಮಾರುವುದನ್ನೂ ಒಂದೇ ಎಂದುಕೊಳ್ಳಬೇಡಿ. ರೆಸಾರ್ಟಿಗೆಂದು ದಲ್ಲಾಳಿಯೊಬ್ಬ ಆಗಲೇ ಬಂದು ಹೋಗಿದ್ದ. ಹೆದರಿದವರು ಅಗ್ಗಕ್ಕೆ ಮಾರುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಕರಾವಳಿ ನಿಯಂತ್ರಣ ವಲಯದ ನಿಯಮಗಳಿಂದಾಗಿ ದಡದಲ್ಲಿ ಒಮ್ಮೆ ಕಳೆದುಕೊಂಡ ಜಾಗವನ್ನು ಮೀನುಗಾರ ಕುಟುಂಬ ಮತ್ತೆ ಪಡೆಯುವುದು ಸುಲಭವಲ್ಲ. ಬಲೆ, ದೋಣಿ ಇಡಲು ಆ ಜಾಗ ಬೇಕು. ಬೇರೆಡೆ ಮಲಗಿದರೂ ಅದು ನಿಮ್ಮ ಕೈಯಲ್ಲೇ ಇರಲಿ. ಸಹಕಾರಿ ಸಂಘದ ಸದಸ್ಯತ್ವ ತಪ್ಪದಂತೆ ನೋಡಿಕೊಳ್ಳಿ.

ಗಂಡನಿಗೆ ಪ್ರತ್ಯೇಕವಾಗಿ ಹೇಳಿದ್ದು: ಶಿರಸಿ ಬೇಡ ಎನ್ನಲು ನಿಮಗೆ ಕಾರಣಗಳಿವೆ, ಆದರೆ ಈಗಿನ ಮನೆಯಲ್ಲೇ ಇರಬೇಕು ಎನ್ನಲು ನೀವು ಅಳೆದು ತಂದ ಲೆಕ್ಕ ಬಿಡುವುದಿಲ್ಲ. ಹೆಂಡತಿಗೆ ಹೇಳಿದ್ದು: ಮನೆ ಎಲ್ಲಿದ್ದರೂ ನಿಮ್ಮ ನಿದ್ರೆಗೆ ಚಿಕಿತ್ಸೆ ಬೇಕು, ಅದನ್ನು ಮನೆ ಬದಲಾಗುವ ದಿನಕ್ಕೆ ಕಾಯಿಸಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಲ್ಲಿಗೆ ಕಳುಹಿಸಿದೆ. ಉಸಿರಾಟದ ಅಭ್ಯಾಸ ಮತ್ತು ಗಾಳಿಯ ಸದ್ದಿಗೆ ಹಂತಹಂತವಾಗಿ ಒಗ್ಗುವ ಕ್ರಮವನ್ನು ನನ್ನಲ್ಲಿ ಮುಂದುವರಿಸಿದರು.

ಅವರು ಆರಿಸಿಕೊಂಡದ್ದು ಶಿರಸಿಯನ್ನಲ್ಲ. ಕೊಂಕಣ ರೈಲು ಹಳಿಯ ಪೂರ್ವಕ್ಕೆ, ಗುಡ್ಡದಿಂದ ದೂರದ ಸಮತಟ್ಟು ಜಾಗದಲ್ಲಿ ಬಾಡಿಗೆಗೆ ಎರಡು ಕೋಣೆಯ ಮನೆ ಹಿಡಿದರು. ಬಂದರಿಗೆ ಬೈಕಿನಲ್ಲಿ ಹೋಗಬಹುದು, ಮಕ್ಕಳ ಶಾಲೆ ಬದಲಾಗಲಿಲ್ಲ, ಆಕೆಯ ಮೀನಿನ ಗಿರಾಕಿಗಳೂ ತಪ್ಪಲಿಲ್ಲ. ಬಾಡಿಗೆ ಭಾರವೇ. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಬೋಟುಗಳಿಗೆ ನಿಷೇಧ ಇರುವಾಗ ಕೈಯಲ್ಲಿ ದುಡ್ಡಿರುವುದಿಲ್ಲ, ಆ ತಿಂಗಳುಗಳ ಬಾಡಿಗೆಗೆ ಋತುವಿನ ಆರಂಭದಲ್ಲೇ ಹಣ ಎತ್ತಿಡಬೇಕು ಎಂದು ಲೆಕ್ಕ ಹಾಕಿಕೊಟ್ಟೆ. ಹಗಲು ಅತ್ತೆ ಹಳೆಯ ಮನೆಯಲ್ಲಿರುತ್ತಾರೆ, ಸಂಜೆ ಮೊಮ್ಮಗ ಹೋಗಿ ಕರೆತರುತ್ತಾನೆ. ಮುಂದೆ ಸ್ವಂತ ಮನೆ ಎಲ್ಲಿ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪ್ರತಿ ಜನವರಿಯಲ್ಲಿ ಮೂವರೂ ಕುಳಿತು, ದಡ ಎಷ್ಟು ಒಳಗೆ ಬಂದಿದೆ ಎಂದು ಅಳೆದು, ಮತ್ತೆ ಯೋಚಿಸಬೇಕು ಎಂದು ಒಪ್ಪಿಕೊಂಡಿದ್ದಾರೆ.

ಇದೇ ಗೊಂದಲದಲ್ಲಿರುವ ಮನೆಗಳು ಮಾಜಾಳಿಯಿಂದ ಭಟ್ಕಳದವರೆಗೂ ಇವೆ. ರಾತ್ರಿ ಎದೆ ಹೊಡೆದುಕೊಳ್ಳುತ್ತಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಉಚಿತವಾಗಿ ಮಾತಾಡುತ್ತಾರೆ. ನೀರು ಅಂಗಳಕ್ಕೆ ಬರುತ್ತಿದ್ದರೆ ಮೊದಲು ಮನೆ ಬಿಡಿ, ಆಮೇಲೆ ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಯ 1077ಕ್ಕೆ ತಿಳಿಸಿ.